ಸೈಕಲ್ ಚೈನು ಸವೆದಿದೆಯೇ? ಕೊಂಡಿ ಕೀಳುವ ಮೊದಲು ಅಳೆದು ನೋಡಿ

ದಾವಣಗೆರೆಯಲ್ಲಿ ಸೈಕಲ್ ಚೈನು ಸಡಿಲವಾಯಿತೆಂದರೆ ಸಾಮಾನ್ಯವಾಗಿ ಎರಡು ಕೆಲಸ ನಡೆಯುತ್ತವೆ. ಮೊದಲು ಹಿಂದಿನ ಚಕ್ರದ ನಟ್ಟು ಸಡಿಲಿಸಿ ಚಕ್ರವನ್ನು ಹಿಂದಕ್ಕೆ ಎಳೆಯುತ್ತಾರೆ. ಹೀಗೆ ಎಳೆದೆಳೆದು ಜಾಗ ಮುಗಿದ ಮೇಲೆ ಒಂದು ಜೋಡಿ ಕೊಂಡಿ ಕಿತ್ತು ಚೈನನ್ನು ಗಿಡ್ಡ ಮಾಡುತ್ತಾರೆ. ಚೈನು ಬಿಗಿಯಾಗುತ್ತದೆ, ಸವಾರ ಹಣ ಕೊಟ್ಟು ಹೊರಡುತ್ತಾನೆ. ಆ ಚೈನು ಇನ್ನೂ ಬಳಸಲು ಯೋಗ್ಯವೇ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಕೊಂಡಿ ಕಿತ್ತರೆ ಸಡಿಲು ಹೋಗುತ್ತದೆ, ಸವೆತ ಹೋಗುವುದಿಲ್ಲ. ಸವೆದ ಚೈನು ಬಿಗಿಯಾಗಿದ್ದರೂ ಸವೆದ ಚೈನೇ. ಅದು ಪ್ರತಿ ಸುತ್ತಿನಲ್ಲೂ ಹಿಂದಿನ ಚಕ್ರದ ಫ್ರೀವೀಲಿನ ಮತ್ತು ಪೆಡಲಿನ ಬಳಿಯ ಚೈನ್ ವೀಲಿನ ಹಲ್ಲುಗಳನ್ನು ತಿನ್ನುತ್ತಾ ಹೋಗುತ್ತದೆ. ಒಂದು ಚೈನಿನ ಬೆಲೆಯಲ್ಲಿ ಮುಗಿಯಬೇಕಿದ್ದ ರಿಪೇರಿ ಕೊನೆಗೆ ಚೈನು, ಫ್ರೀವೀಲ್, ಕ್ರ್ಯಾಂಕಿನ ಸಮೇತ ಚೈನ್ ವೀಲ್ ಎಲ್ಲವನ್ನೂ ಕೊಳ್ಳುವಲ್ಲಿಗೆ ಬಂದು ನಿಲ್ಲುತ್ತದೆ. ಮಂಡಕ್ಕಿ ಚೀಲ, ಹಾಲಿನ ಕ್ಯಾನು ಹೇರಿಕೊಂಡು ದಿನವಿಡೀ ಸೈಕಲ್ ತುಳಿದು ಬದುಕುವವರಿಗೆ ಇದು ಸಣ್ಣ ಖರ್ಚಲ್ಲ. ಆದ್ದರಿಂದ ಚೈನನ್ನು ಯಾವಾಗ ಬದಲಿಸಬೇಕೆಂಬುದನ್ನು ಕಣ್ಣಂದಾಜಿಗೆ ಬಿಡದೆ ಅಳತೆಯಿಂದಲೇ ತೀರ್ಮಾನಿಸಬೇಕು ಎಂಬುದು ನನ್ನ ಹಟ. ಅದಕ್ಕೆ ಬೇಕಾಗಿರುವುದು ಒಂದು ಉಕ್ಕಿನ ಸ್ಕೇಲು, ಒಂದು ಬಟ್ಟೆ ಚಿಂದಿ, ಹತ್ತು ನಿಮಿಷ.

ಚೈನು ಉದ್ದವಾಗುವುದು ಹೇಗೆ

ನಮ್ಮ ಸೈಕಲ್ಲುಗಳಲ್ಲಿರುವುದು ಬುಷ್ ರೋಲರ್ ಚೈನು. ಹ್ಯಾನ್ಸ್ ರೆನಾಲ್ಡ್ ಇದಕ್ಕೆ 1880ರಲ್ಲಿ ಪೇಟೆಂಟ್ ಪಡೆದ. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನಲ್ಲಿ ಜವಳಿ ಗಿರಣಿಗಳಿಗೆ ಚೈನು ಮಾಡಿಕೊಡುತ್ತಿದ್ದ ಸಣ್ಣ ಕಾರ್ಖಾನೆಯೊಂದನ್ನು ಕೊಂಡು ಆತ ಕೆಲಸ ಆರಂಭಿಸಿದ್ದ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾದ ದಾವಣಗೆರೆಯಲ್ಲಿ ಕುಳಿತು ಇದನ್ನು ಬರೆಯುವಾಗ ಆ ಸಂಬಂಧ ನನಗೆ ಖುಷಿ ಕೊಡುತ್ತದೆ.

ಈ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರಬೇಕಾದ ಅಂತರ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಹಳೆಯ ಕಪ್ಪು ಸೈಕಲ್ಲಿಗೂ ಇಷ್ಟೇ, ಹನ್ನೊಂದು ಗೇರಿನ ಹೊಸ ಸೈಕಲ್ಲಿಗೂ ಇಷ್ಟೇ. ಬದಲಾಗುವುದು ಅಗಲ ಮಾತ್ರ. ಹಲ್ಲುಗಳನ್ನೂ ಇದೇ ಅಂತರಕ್ಕೆ ಕತ್ತರಿಸಿರುತ್ತಾರೆ.

ಚೈನು ಉದ್ದವಾಗುವುದು ಅದರ ಪಟ್ಟಿಗಳು ಎಳೆತಕ್ಕೆ ಹಿಗ್ಗುವುದರಿಂದಲ್ಲ. ಮನುಷ್ಯನ ಕಾಲಿನ ಬಲಕ್ಕೆ ಆ ಉಕ್ಕು ಜಗ್ಗುವುದಿಲ್ಲ. ಸವೆಯುವುದು ಒಳಗಿನ ಕೀಲು. ಹಲ್ಲಿನ ಮೇಲೆ ಹತ್ತುವಾಗ ಮತ್ತು ಇಳಿಯುವಾಗ ಪ್ರತಿ ಕೊಂಡಿಯೂ ಮಡಚಿ ಬಿಚ್ಚಿಕೊಳ್ಳುತ್ತದೆ. ಆಗ ಪಿನ್ನು ಬುಷ್ಷಿನೊಳಗೆ, ಅಂದರೆ ತನ್ನನ್ನು ಸುತ್ತಿದ ಸಣ್ಣ ಕೊಳವೆಯೊಳಗೆ, ಉಜ್ಜುತ್ತದೆ. ಎಣ್ಣೆ ಇದ್ದರೆ ಉಜ್ಜಾಟ ಕಡಿಮೆ, ದೂಳು ಸೇರಿದರೆ ಹೆಚ್ಚು. ಗೇರ್ ಸೈಕಲ್ಲಿನ ಚೈನುಗಳಲ್ಲಿ ಪ್ರತ್ಯೇಕ ಬುಷ್ ಇರುವುದಿಲ್ಲ. ಒಳಪಟ್ಟಿಯ ಅಂಚನ್ನೇ ಬುಷ್ಷಿನಂತೆ ಎಬ್ಬಿಸಿರುತ್ತಾರೆ. ಸವೆಯುವ ಜಾಗ ಮಾತ್ರ ಅದೇ.

ಒಂದು ಕೀಲಿಗೆ ಸರಾಸರಿ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ಸವೆದರೆ ಆ ಚೈನು ಶೇಕಡಾ 1ರಷ್ಟು ಉದ್ದವಾಗಿದೆ ಎಂದು ಅರ್ಥ. ಒಂದು ಕೊಂಡಿಯಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ. ಸಾಮಾನ್ಯ ಸೈಕಲ್ಲಿನ 112 ಕೊಂಡಿಗಳ ಚೈನಿನಲ್ಲಿ ಎಲ್ಲ ಸೇರಿ 14 ಮಿಲಿಮೀಟರ್ ಆಗುತ್ತದೆ.

ಈಗ ಕೊಂಡಿ ಕೀಳುವ ಲೆಕ್ಕಕ್ಕೆ ಬರೋಣ. ಒಳಕೊಂಡಿ, ಹೊರಕೊಂಡಿ ಸೇರಿ ಒಂದು ಜೋಡಿಯ ಉದ್ದ ಒಂದು ಅಂಗುಲ, ಅಂದರೆ 25.4 ಮಿಲಿಮೀಟರ್. 1,422 ಮಿಲಿಮೀಟರ್ ಉದ್ದದ ಚೈನು 25 ಮಿಲಿಮೀಟರ್ ಹೆಚ್ಚಾಗಿ ಒಂದು ಜೋಡಿ ಕೀಳುವ ಸ್ಥಿತಿಗೆ ಬಂದಿದೆ ಎಂದರೆ ಅದು ಶೇಕಡಾ 1.8ರಷ್ಟು ಸವೆದಿದೆ. ಬದಲಿಸಬೇಕಾದ ಮಿತಿಯನ್ನು ಅದು ದಾಟಿ ಎಷ್ಟೋ ಕಾಲವಾಗಿರುತ್ತದೆ. ಹೊಸದರಲ್ಲೇ ಚೈನಿನ ಉದ್ದ ತಪ್ಪಾಗಿದ್ದರೆ ಮಾತು ಬೇರೆ. ಮೊದಲು ಸರಿಯಾಗಿದ್ದು ಈಗ ಕೊಂಡಿ ಕೀಳಬೇಕಾಗಿದೆ ಎಂದರೆ ಆ ಚೈನಿನ ಆಯುಷ್ಯ ಮುಗಿದಿದೆ. ಅಂಗಡಿಯಲ್ಲಿ ಕೊಂಡಿ ಕೀಳೋಣ ಎಂದಾಗ ನೀವು ಹೊಸ ಚೈನು ಹಾಕಿ ಎನ್ನಬೇಕು.

ದೋಷ ಚೈನಿನದೇ ಎಂದು ಖಚಿತಪಡಿಸಿಕೊಳ್ಳುವುದು

ಸದ್ದು ಬಂತೆಂದು, ಪೆಡಲು ಜಾರಿತೆಂದು ತಕ್ಷಣ ಚೈನು ಬದಲಿಸುವುದೂ ಸರಿಯಲ್ಲ. ಇದೇ ಲಕ್ಷಣ ತೋರಿಸುವ ಬೇರೆ ದೋಷಗಳಿವೆ. ಅವುಗಳನ್ನು ಬೇರ್ಪಡಿಸಲು ಎಣಿಕೆಯಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಮೊದಲ ಪರೀಕ್ಷೆ ಅತಿ ಸುಲಭ. ಸೈಕಲ್ ಓಡುತ್ತಿರುವಾಗ ತುಳಿಯುವುದನ್ನು ನಿಲ್ಲಿಸಿ. ಆಗ ಚೈನೂ ನಿಲ್ಲುತ್ತದೆ, ಚಕ್ರಗಳು ಮಾತ್ರ ಉರುಳುತ್ತವೆ. ಫ್ರೀವೀಲಿನ ಟಿಕ್ ಟಿಕ್ ಸಹಜ. ಅದರ ಜೊತೆಗೆ ನಿಮ್ಮನ್ನು ಕಾಡುತ್ತಿದ್ದ ಸದ್ದೂ ಮುಂದುವರಿದರೆ ಚೈನು ನಿರಪರಾಧಿ. ಚಕ್ರದ ನಡುವಿನ ಹಬ್ಬಿನ ಬಾಲ್ಸು, ಕೋನು, ಮಡ್‌ಗಾರ್ಡು, ಬ್ರೇಕು ಇವುಗಳ ಕಡೆಗೆ ನೋಡಬೇಕು.

ತುಳಿದಾಗ ಮಾತ್ರ ಸದ್ದು ಬರುತ್ತಿದ್ದರೆ ಸ್ಟ್ಯಾಂಡು ಹಾಕಿ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ. ಚೈನಿನ ಒಂದು ಕೊಂಡಿಗೆ ಸೀಮೆಸುಣ್ಣದಿಂದ ಗುರುತು ಹಾಕಿ. ಪೆಡಲನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ, ಸದ್ದು ಅಥವಾ ಎಳೆತ ಎಷ್ಟು ಸುತ್ತಿಗೊಮ್ಮೆ ಬರುತ್ತದೆ ಎಂದು ಎಣಿಸಿ. ನಮ್ಮ ಸಾಮಾನ್ಯ ಸೈಕಲ್ಲುಗಳಲ್ಲಿ ಹೆಚ್ಚಾಗಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುತ್ತವೆ. ನಿಮ್ಮದರಲ್ಲಿ ಬೇರೆ ಇದ್ದರೆ ಎಣಿಸಿ ಲೆಕ್ಕ ಹಾಕಿಕೊಳ್ಳಿ, ವಿಧಾನ ಒಂದೇ.

ಪೆಡಲಿನ ಪ್ರತಿ ಸುತ್ತಿಗೆ ಸರಿಯಾಗಿ ಒಮ್ಮೆ ಸದ್ದು ಬಂದರೆ ದೋಷ ಪೆಡಲು, ಪೆಡಲಿನ ತೋಳಾದ ಕ್ರ್ಯಾಂಕು, ಅದನ್ನು ಆಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್ನು, ಚೈನ್ ವೀಲ್ ಇವುಗಳಲ್ಲಿ ಒಂದರದು. ಎರಡು ಕ್ರ್ಯಾಂಕುಗಳೂ ಒಂದೇ ನೇರದಲ್ಲಿ ನಿಲ್ಲದೆ ಒಂದು ತುಸು ವಾಲಿದ್ದರೆ ಕಾಟರ್ ಪಿನ್ನು ಸವೆದಿದೆ. ಹೇರು ಹೊರುವ ಸೈಕಲ್ಲುಗಳಲ್ಲಿ ಇದು ತೀರಾ ಸಾಮಾನ್ಯ. ಪ್ರತಿ ತುಳಿತಕ್ಕೂ ಕಟ್ ಎಂದು ಕಾಲಿಗೆ ತಗಲುವ ಪೆಟ್ಟನ್ನು ಎಷ್ಟೋ ಮಂದಿ ಚೈನಿನ ಪೆಟ್ಟೆಂದೇ ತಿಳಿಯುತ್ತಾರೆ.

ಪೆಡಲಿನ ಎರಡೂವರೆ ಸುತ್ತಿಗೊಮ್ಮೆ, ಸೀಮೆಸುಣ್ಣದ ಗುರುತು ಪ್ರತಿ ಸಲ ಒಂದೇ ಜಾಗದಲ್ಲಿ ಇರುವಾಗ ಸದ್ದು ಬಂದರೆ ದೋಷ ಚೈನಿನಲ್ಲೇ ಇದೆ. 112 ಕೊಂಡಿಗಳನ್ನು 44 ಹಲ್ಲುಗಳಿಂದ ಭಾಗಿಸಿದರೆ ಬರುವುದು ಅದೇ ಎರಡೂವರೆ ಚಿಲ್ಲರೆ. ಆದರೆ ಹೀಗೆ ಒಂದೇ ಜಾಗದಲ್ಲಿ ಬರುವ ದೋಷ ಸಾಮಾನ್ಯವಾಗಿ ಸವೆತವಲ್ಲ, ಬಿಗಿದುಕೊಂಡ ಒಂದು ಕೊಂಡಿ. ಗುರುತಿನಿಂದ ಹುಡುಕಿಕೊಂಡು ಹೋದರೆ ಸಿಗುತ್ತದೆ. ಮಳೆಯಲ್ಲಿ ನೆನೆದು ನಿಂತ ಸೈಕಲ್ಲಿನಲ್ಲಿ ತುಕ್ಕು ಹಿಡಿದ ಕೊಂಡಿ, ಹಿಂದೆ ಯಾರೋ ಪಿನ್ನು ಒತ್ತಿ ಜೋಡಿಸಿದ ಕೊಂಡಿ, ಬಾಗಿದ ಪಟ್ಟಿ ಇವೇ ಕಾರಣಗಳು. ಒಂದು ಹನಿ ಎಣ್ಣೆ ಬಿಟ್ಟು ಅಡ್ಡಡ್ಡ ಅಲುಗಾಡಿಸಿದರೆ ಹೆಚ್ಚಿನವು ಸಡಿಲಾಗುತ್ತವೆ. ಬಾಗಿದ ಅಥವಾ ಸೀಳಿದ ಪಟ್ಟಿ ಕಂಡರೆ ಮಾತ್ರ ನಂಬಬೇಡಿ. ತುಳಿತದ ನಡುವೆ ಚೈನು ತುಂಡಾದರೆ ಬೀಳುವುದು ಸವಾರ.

ಪೆಡಲಿನ ಒಂದು ಸುತ್ತಿನಲ್ಲಿ ಎರಡು ಸಲಕ್ಕಿಂತ ಹೆಚ್ಚಾಗಿ, ಅಂದರೆ ಎರಡು ಸುತ್ತಿಗೆ ಸುಮಾರು ಐದು ಸಲ, ಸದ್ದು ಕೇಳಿದರೆ ಫ್ರೀವೀಲಿನ ಒಂದು ಹಲ್ಲನ್ನೋ ಅದರೊಳಗಿನ ಬಾಲ್ಸನ್ನೋ ಸಂಶಯಿಸಬೇಕು.

ಚೈನು ಒಂದು ಕಡೆ ಬಿಗಿ, ಅರ್ಧ ಸುತ್ತಾದ ಮೇಲೆ ಸಡಿಲು ಎಂಬಂತೆ ಪೆಡಲಿನ ಜೊತೆಗೇ ಬದಲಾಗುತ್ತಿದ್ದರೆ ಚೈನ್ ವೀಲ್ ನಡುವಿನಿಂದ ಸರಿದು ಕುಳಿತಿದೆ ಅಥವಾ ಬಾಗಿದೆ. ಹೊಸ ಚೈನು ಹಾಕಿದರೂ ಇದು ಹೋಗುವುದಿಲ್ಲ. ಇಂಥ ಸೈಕಲ್ಲಿನಲ್ಲಿ ಚೈನಿನ ಬಿಗಿಯನ್ನು ಅತಿ ಬಿಗಿಯಾದ ಜಾಗದಲ್ಲಿ ನೋಡಿ ಹೊಂದಿಸಬೇಕು. ಸಡಿಲ ಜಾಗದಲ್ಲಿ ಹೊಂದಿಸಿದರೆ ಬಿಗಿ ಜಾಗಕ್ಕೆ ಬಂದಾಗ ಹಬ್ಬಿನ ಬಾಲ್ಸಿನ ಮೇಲೂ ಕ್ರ್ಯಾಂಕಿನ ಆಕ್ಸಲ್ಲಿನ ಮೇಲೂ ವಿಪರೀತ ಒತ್ತಡ ಬೀಳುತ್ತದೆ.

ಇನ್ನು ಪೆಡಲು ಜಾರುವ ದೂರು. ಇಲ್ಲಿ ಗೊಂದಲ ಹೆಚ್ಚು. ಚೈನು ಹಲ್ಲಿನ ಮೇಲಿಂದ ನೆಗೆದರೆ ಕಟಾರನೆ ಸದ್ದಾಗುತ್ತದೆ, ಚೈನು ಹಾರಿದ್ದು ಕಾಣುತ್ತದೆ. ಫ್ರೀವೀಲಿನ ಒಳಗಿನ ಕುದುರೆಗಳು, ಅಂದರೆ ತುಳಿದಾಗ ಸಿಕ್ಕಿಕೊಂಡು ಚಕ್ರವನ್ನು ತಿರುಗಿಸುವ ಸಣ್ಣ ಕೊಕ್ಕೆಗಳು, ಹಿಡಿಯದೆ ಹೋದರೆ ಚೈನು ಹಲ್ಲಿನ ಮೇಲೆ ಸರಿಯಾಗಿಯೇ ಕುಳಿತಿರುತ್ತದೆ, ಪೆಡಲು ಮಾತ್ರ ಖಾಲಿ ತಿರುಗಿ ಕಾಲು ದಡಕ್ಕನೆ ಕೆಳಗೆ ಹೋಗುತ್ತದೆ. ಎರಡನೆಯದು ಚೈನಿನ ದೋಷವಲ್ಲ. ಹಳೆಯ ಎಣ್ಣೆ ಗಟ್ಟಿಯಾಗಿ ಕುದುರೆಗಳು ಅಂಟಿಕೊಂಡಿದ್ದರೆ ಸೀಮೆಎಣ್ಣೆ ಹಾಯಿಸಿ ತೊಳೆದು ತೆಳು ಎಣ್ಣೆ ಬಿಟ್ಟರೆ ಸರಿಹೋಗಬಹುದು. ಕುದುರೆಗಳೇ ಸವೆದಿದ್ದರೆ ಫ್ರೀವೀಲ್ ಬದಲಿಸಲೇಬೇಕು. ರಸ್ತೆಯ ನಡುವೆ ಖಾಲಿ ತಿರುಗುವ ಪೆಡಲು ಅಪಾಯ. ಅದನ್ನು ಮುಂದೂಡುವುದನ್ನು ನಾನು ಒಪ್ಪುವುದಿಲ್ಲ.

ಚೈನು ಏಕಾಏಕಿ ಸಡಿಲಾಗಿದ್ದರೆ, ಅಂದರೆ ನಿನ್ನೆ ಸರಿಯಿದ್ದು ಇಂದು ಜೋತು ಬಿದ್ದಿದ್ದರೆ, ಅದು ಸವೆತವಲ್ಲ. ಸವೆತ ರಾತ್ರೋರಾತ್ರಿ ಬರುವುದಿಲ್ಲ. ಹಿಂದಿನ ಚಕ್ರದ ಬಲಗಡೆಯ ನಟ್ಟು ಹಿಡಿತ ಬಿಟ್ಟು ಆಕ್ಸಲ್ ಮುಂದಕ್ಕೆ ಜರುಗಿರುತ್ತದೆ. ಟೈರಿನ ಮುಂಭಾಗ ಫ್ರೇಮಿನ ಎಡಗಡೆಯ ಕೊಳವೆಗೆ ಉಜ್ಜುತ್ತಿದ್ದರೆ ಇದೇ ಕಾರಣ. ಚಕ್ರ ನೇರ ಮಾಡಿ ನಟ್ಟು ಬಿಗಿದರೆ ಮುಗಿಯಿತು.

ಅಳೆಯುವುದು

ಇಷ್ಟೆಲ್ಲ ನೋಡಿದ ಮೇಲೆ ಅಳತೆ. ಬಟ್ಟೆಯ ಟೇಪು ಬೇಡ, ಅದು ಜಗ್ಗುತ್ತದೆ. ಪ್ಲಾಸ್ಟಿಕ್ ಸ್ಕೇಲೂ ಬೇಡ. ಮಿಲಿಮೀಟರ್ ಗೆರೆಗಳು ಸ್ಪಷ್ಟವಾಗಿರುವ ಉಕ್ಕಿನ ಸ್ಕೇಲು ಬೇಕು.

ಪುಸ್ತಕಗಳಲ್ಲಿ ಸಾಮಾನ್ಯವಾಗಿ 12 ಅಂಗುಲ ಅಳೆಯಿರಿ ಎಂದಿರುತ್ತದೆ. ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಕೇಲು 12 ಅಂಗುಲಕ್ಕೇ ಮುಗಿಯುವುದರಿಂದ ಸವೆದ ಚೈನಿನ ಕೊನೆಯ ಪಿನ್ನು ಸ್ಕೇಲಿನಿಂದ ಆಚೆ ಹೋಗಿಬಿಡುತ್ತದೆ. ಅದಕ್ಕಾಗಿ ನಾನು 10 ಅಂಗುಲವನ್ನೇ ಬಳಸುತ್ತೇನೆ, ಅಂದರೆ 20 ಕೊಂಡಿಗಳು. ಹೊಸ ಚೈನಿನಲ್ಲಿ ಇದು ಸರಿಯಾಗಿ 254 ಮಿಲಿಮೀಟರ್. ಹಳೆಯ ಸ್ಕೇಲಿನ ಅಂಚು ಸವೆದಿರಬಹುದು. ಆದ್ದರಿಂದ ಸೊನ್ನೆಯಿಂದ ಆರಂಭಿಸದೆ 10 ಮಿಲಿಮೀಟರ್ ಗೆರೆಯಿಂದ ಆರಂಭಿಸಿ. ಹಾಗೆ ಮಾಡಿದರೆ ಹೊಸ ಚೈನಿನ ಇಪ್ಪತ್ತನೆಯ ಪಿನ್ನು 264ರ ಗೆರೆಗೆ ಬರಬೇಕು.

ಪೂರ್ತಿ ಮುಚ್ಚಿದ ಚೈನ್ ಕವರ್ ಇದ್ದರೆ ಮೊದಲು ಅದನ್ನು ಬಿಚ್ಚಬೇಕು ಅಥವಾ ಚೈನನ್ನೇ ಹೊರತೆಗೆಯಬೇಕು. ಕವರ್ ಇರುವ ಸೈಕಲ್ಲಿನ ಚೈನು ತಡವಾಗಿ ಸವೆಯುತ್ತದೆ ನಿಜ, ಆದರೆ ಕಣ್ಣಿಗೆ ಬೀಳದ ಕಾರಣ ಅದನ್ನು ನೋಡುವವರೇ ಇರುವುದಿಲ್ಲ. 2006-07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ಲುಗಳು ಇಂದಿಗೂ ಹಳ್ಳಿಯ ಮನೆಗಳ ಮುಂದೆ ಕಾಣುತ್ತವೆ. ಹಿಂದಿನ ಮಾಲೀಕರು ದೊಡ್ಡವರಾಗಿ ಊರು ಬಿಟ್ಟು ಹೋದ ಮೇಲೂ ಅದೇ ಚೈನಿನಲ್ಲಿ ಓಡುತ್ತಿರುವ ಅಂಥ ಸೈಕಲ್ಲನ್ನು ಒಮ್ಮೆ ಅಳೆದು ನೋಡುವುದು ಒಳ್ಳೆಯದು.

ಚೈನನ್ನು ಒರೆಸಿ. ಪಿನ್ನಿನ ತುದಿಗಳು ಕಾಣಬೇಕು. ಹಿಂದಿನ ಬ್ರೇಕನ್ನು ಒತ್ತಿ ಹಿಡಿದು ಪೆಡಲನ್ನು ಮುಂದಕ್ಕೆ ಸ್ವಲ್ಪ ಒತ್ತಿದರೆ ಚೈನಿನ ಮೇಲಿನ ಎಳೆ ಬಿಗಿಯಾಗಿ ನಿಲ್ಲುತ್ತದೆ. ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಅಳೆದರೆ ಸಲೀಸು. ಜೋತುಬಿದ್ದ ಚೈನನ್ನು ಅಳೆದರೆ ಸಿಗುವ ಅಂಕಿ ಸುಳ್ಳು. ಒಂದು ಪಿನ್ನಿನ ಎಡ ಅಂಚನ್ನು 10ರ ಗೆರೆಗೆ ಹೊಂದಿಸಿ. ಆ ಪಿನ್ನನ್ನು ಬಿಟ್ಟು ಮುಂದಕ್ಕೆ 20 ಪಿನ್ನು ಎಣಿಸಿ, ಇಪ್ಪತ್ತನೆಯದರ ಎಡ ಅಂಚು ಎಲ್ಲಿದೆ ಓದಿ. ಎರಡೂ ಕಡೆ ಒಂದೇ ಅಂಚನ್ನು ನೋಡುವುದು ಮುಖ್ಯ. ಎಣಿಕೆ ಸಮಸಂಖ್ಯೆಯಲ್ಲೇ ಇರಬೇಕು, ಏಕೆಂದರೆ ಹೊರಪಟ್ಟಿಗೆ ಬಿಗಿದ ಎರಡು ಪಿನ್ನುಗಳ ನಡುವಿನ ಅಂತರ ಬದಲಾಗುವುದಿಲ್ಲ, ಒಳಕೊಂಡಿ ಇರುವ ಜಾಗದಲ್ಲಿ ಮಾತ್ರ ಸವೆತ ಕಾಣಿಸಿಕೊಳ್ಳುತ್ತದೆ. ಬೆಸಸಂಖ್ಯೆ ಎಣಿಸಿದರೆ ಲೆಕ್ಕ ಒಂದು ಕಡೆಗೆ ವಾಲುತ್ತದೆ.

ಚೈನನ್ನು ತಿರುಗಿಸಿ ಬೇರೆ ಬೇರೆ ಜಾಗಗಳಲ್ಲೂ ಅಳೆಯಿರಿ. ಹಿಂದೆ ಯಾರಾದರೂ ನಡುವೆ ಹೊಸ ಕೊಂಡಿಗಳ ತುಂಡು ಸೇರಿಸಿದ್ದರೆ ಆ ಭಾಗ ಚೆನ್ನಾಗಿ ಕಂಡು ಉಳಿದದ್ದು ಹಾಳಾಗಿರುತ್ತದೆ. ನಿರ್ಧಾರಕ್ಕೆ ಅತಿ ಹೆಚ್ಚು ಸವೆದ ಜಾಗದ ಅಂಕಿಯನ್ನೇ ತೆಗೆದುಕೊಳ್ಳಬೇಕು.

ಓದುವ ಬಗೆ ಹೀಗೆ. ಪಿನ್ನು 265ಕಾಲು ಮಿಲಿಮೀಟರ್ ಗೆರೆಯಲ್ಲಿದ್ದರೆ ಸವೆತ ಶೇಕಡಾ 0.5. ಹನ್ನೊಂದು, ಹನ್ನೆರಡು ಗೇರಿನ ಸೈಕಲ್ಲಿನ ತೆಳು ಚೈನನ್ನು ಇಲ್ಲಿಗೇ ಬದಲಿಸಬೇಕು. 266ಕ್ಕೆ ಬಂದರೆ ಸುಮಾರು 0.75. ಆರರಿಂದ ಹತ್ತು ಗೇರಿನವರಿಗೆ ಇದು ಗಡಿ. 266ವರೆ ಎಂದರೆ ಶೇಕಡಾ 1. ಗೇರಿಲ್ಲದ ಸಾಮಾನ್ಯ ಸೈಕಲ್ಲಿಗೆ ಇದೇ ಗಡಿ. ಅರ್ಧ ಮಿಲಿಮೀಟರ್ ಓದುವುದು ಕಷ್ಟ ಎನಿಸಿದರೆ ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಸ್ಕೇಲಿಗೆ ನೇರವಾಗಿ ಮೇಲಿನಿಂದ ತೆಗೆಯಬೇಕು, ಓರೆಯಾಗಿ ತೆಗೆದ ಚಿತ್ರದಲ್ಲಿ ಗೆರೆ ಜರುಗಿ ಕಾಣುತ್ತದೆ.

ಸ್ಕೇಲೇ ಬೇಡ ಎನ್ನುವವರಿಗೆ ಮತ್ತೊಂದು ದಾರಿ ಇದೆ. ಚೈನು ಬಿಚ್ಚಿ ಅಂಗಡಿಗೆ ಒಯ್ಯಿರಿ. ಒಂದೇ ಮೊಳೆಗೆ ಹೊಸ ಚೈನನ್ನೂ ಹಳೆಯದನ್ನೂ ಪಕ್ಕಪಕ್ಕ ತೂಗುಹಾಕಿ. ಎರಡರಲ್ಲೂ ಕೊಂಡಿಗಳ ಸಂಖ್ಯೆ ಒಂದೇ ಇದೆಯೇ ಎಂದು ಎಣಿಸಿಕೊಳ್ಳಿ. ಹಳೆಯದು ಹೊಸದಕ್ಕಿಂತ ಒಂದು ಕೊಂಡಿಯಷ್ಟು ಕೆಳಕ್ಕೆ ಇಳಿದಿದ್ದರೆ, ಅಂದರೆ ಸುಮಾರು 13 ಮಿಲಿಮೀಟರ್, ಸವೆತ ಶೇಕಡಾ 0.9. ಬದಲಿಸುವ ಹೊತ್ತು ಬಂದಿದೆ. ಇಡೀ ಚೈನಿನ ಸವೆತ ಒಂದೇ ಜಾಗದಲ್ಲಿ ಕೂಡಿ ಕಾಣುವುದರಿಂದ ಯಾರಿಗೂ ಅನುಮಾನ ಉಳಿಯುವುದಿಲ್ಲ. ಗಿರಾಕಿಗೂ ಅಂಗಡಿಯವರಿಗೂ ವಾದ ಬಂದಾಗ ಇದಕ್ಕಿಂತ ನ್ಯಾಯವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಚೈನ್ ಚೆಕರ್ ಎಂಬ ಉಪಕರಣವೂ ಸಿಗುತ್ತದೆ. ಚೈನಿನೊಳಗೆ ಪೂರ್ತಿ ಇಳಿದರೆ ಸವೆದಿದೆ, ಇಳಿಯದಿದ್ದರೆ ಇಲ್ಲ. ಗೇರ್ ಸೈಕಲ್ ಇರುವವರು ಕೊಳ್ಳುವುದು ಒಳ್ಳೆಯದು. ಆದರೆ ಅಗ್ಗದ ಚೆಕರ್‌ಗಳು ಎರಡು ತುದಿಯ ರೋಲರ್‌ಗಳನ್ನು ವಿರುದ್ಧ ದಿಕ್ಕಿಗೆ ತಳ್ಳುವುದರಿಂದ ರೋಲರಿನ ಸಡಿಲನ್ನೂ ಸವೆತಕ್ಕೆ ಸೇರಿಸಿ ತೋರಿಸುತ್ತವೆ. ಅದು ಬದಲಿಸು ಎಂದಾಗ ಸ್ಕೇಲಿನಿಂದಲೂ ಒಮ್ಮೆ ನೋಡಿ. ಸ್ಕೇಲಿನ ಮಾತೇ ಕೊನೆಯ ಮಾತು.

ಚೈನ್ ವೀಲಿನ ಮುಂಭಾಗದಲ್ಲಿ ಚೈನನ್ನು ಬೆರಳಿನಿಂದ ಎಳೆದು, ಹಲ್ಲು ಎಷ್ಟು ಕಾಣುತ್ತದೆ ಎಂದು ನೋಡುವ ಪದ್ಧತಿ ಎಲ್ಲೆಡೆ ಇದೆ. ಅದು ಸಂಶಯ ಹುಟ್ಟಿಸಲು ಸಾಕು, ತೀರ್ಪು ಕೊಡಲು ಸಾಲದು. ಹಲ್ಲು ಸವೆದಿದ್ದರೂ ಚೈನು ಹಾಗೆಯೇ ಏಳುತ್ತದೆ.

ಹಲ್ಲುಗಳ ಸ್ಥಿತಿ

ಸವೆತ ಗಡಿ ದಾಟಿದ್ದರೆ ಹೊಸ ಚೈನು ಕೊಳ್ಳುವ ಮೊದಲೇ ಹಲ್ಲುಗಳನ್ನು ನೋಡಬೇಕು. ಉದ್ದವಾದ ಚೈನಿನ ರೋಲರ್‌ಗಳು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಹತ್ತುತ್ತವೆ. ಭಾರ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ. ಆ ಹಲ್ಲುಗಳು ಒಂದೇ ಮಗ್ಗುಲಲ್ಲಿ ಕೊರೆದು ಕುಡುಗೋಲಿನ ತುದಿಯಂತೆ ಬಾಗುತ್ತವೆ. ಮೊದಲು ಹಾಳಾಗುವುದು ಫ್ರೀವೀಲ್. ಮುಂದಿನ 44 ಹಲ್ಲುಗಳು ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ 18 ಹಲ್ಲುಗಳು ಎರಡೂವರೆ ಸುತ್ತಿನ ಹತ್ತಿರ ತಿರುಗಿರುತ್ತವೆ.

ಹೊಸ ಚೈನನ್ನು ಫ್ರೀವೀಲಿನ ಸುತ್ತ ಬಿಗಿಯಾಗಿ ಒತ್ತಿ ಹಿಡಿದು ನೋಡಿ. ರೋಲರ್‌ಗಳೆಲ್ಲ ಬುಡಕ್ಕೆ ಇಳಿದು ಅಲುಗಾಡದೆ ಕೂತರೆ ಫ್ರೀವೀಲ್ ಉಳಿಸಿಕೊಳ್ಳಬಹುದು. ಹಿಂದುಮುಂದಾಗಿ ಅಲುಗಾಡಿದರೆ ಅಥವಾ ಏಳುತ್ತಿದ್ದರೆ ಅದನ್ನೂ ಬದಲಿಸಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಭಾರಕ್ಕೆ ಅದು ನೆಗೆಯಬಹುದು. ಚೈನು ಹೊಸದು, ಆದರೂ ಜಾರುತ್ತದೆ, ಚೈನೇ ಕಳಪೆ ಎಂಬ ದೂರು ಹುಟ್ಟುವುದು ಹೀಗೆ. ಚೈನಿನ ತಪ್ಪು ಅದರಲ್ಲಿ ಏನೂ ಇರುವುದಿಲ್ಲ.

ಗೇರಿಲ್ಲದ ಸೈಕಲ್ಲಿನಲ್ಲಿ ಒಂದು ಮೋಸವಿದೆ. ಚಕ್ರವನ್ನು ಹಿಂದಕ್ಕೆ ಎಳೆದು ಬಿಗಿ ಮಾಡುವ ಅನುಕೂಲ ಇರುವುದರಿಂದ ಚೈನು ಬಹಳ ಸವೆದರೂ ನೆಗೆಯುವುದಿಲ್ಲ. ಓಡುತ್ತಲೇ ಇರುತ್ತದೆ, ಒಳಗೊಳಗೇ ಹಲ್ಲು ಕರಗುತ್ತಿರುತ್ತದೆ. ಅಳತೆಯಲ್ಲಿ 268 ಅಥವಾ ಅದಕ್ಕೂ ಹೆಚ್ಚು ಬಂದು, ಹಲ್ಲುಗಳೂ ಬಾಗಿದ್ದು, ಕೈಯಲ್ಲಿ ಹಣವೂ ಇಲ್ಲದಿದ್ದರೆ ನನ್ನ ಸಲಹೆ ಇದು: ಚೈನು ಮಾತ್ರ ಬದಲಿಸಬೇಡಿ. ಕೊಂಡಿಗಳಲ್ಲಿ ಬಿರುಕು ಇಲ್ಲವೆಂದು ನೋಡಿಕೊಂಡು ಹಳೆಯ ಚೈನು, ಹಳೆಯ ಹಲ್ಲುಗಳನ್ನು ಒಟ್ಟಿಗೆ ಓಡಿಸಿ, ಹಣ ಕೂಡಿದಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಾಳಾದ ಹಲ್ಲಿಗೆ ಹೊಸ ಚೈನು ಕೊಟ್ಟರೆ ಹೊಸದೂ ಬೇಗ ಹಾಳಾಗುತ್ತದೆ.

ಗೇರ್ ಸೈಕಲ್ಲಿನವರಿಗೆ ಒಂದು ಮಾತು. ಚಿತ್ರದುರ್ಗದ ಜೋಗಿಮಟ್ಟಿಯ ಏರಿನಲ್ಲಿ ಎದ್ದು ನಿಂತು ತುಳಿದಾಗ ಮಾತ್ರ, ಅದೂ ನೀವು ಹೆಚ್ಚು ಬಳಸುವ ಗೇರಿನಲ್ಲಿ ಮಾತ್ರ ಚೈನು ನೆಗೆದರೆ ಅದು ಸವೆತ. ಸಮತಟ್ಟಿನಲ್ಲಿ ಹಗುರವಾಗಿ ತುಳಿಯುವಾಗಲೂ ಕರಕರ ಎನ್ನುತ್ತಾ ಪಕ್ಕದ ಹಲ್ಲಿಗೆ ಹೋಗಲು ನೋಡಿದರೆ ಅದು ಗೇರ್ ಕೇಬಲ್ಲಿನ ಹೊಂದಾಣಿಕೆ ತಪ್ಪಿದ್ದು, ಚೈನಿಗೆ ಹಣ ಸುರಿಯಬೇಕಿಲ್ಲ.

ನಮ್ಮ ಮಣ್ಣು, ನಮ್ಮ ಎಣ್ಣೆ

ಇಷ್ಟು ಕಿಲೋಮೀಟರಿಗೆ ಚೈನು ಬದಲಿಸಿ ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. ಭದ್ರಾ ನಾಲೆಯ ಏರಿಯ ಮೇಲೆ ಗದ್ದೆಗೆ ಹೋಗಿಬರುವ ಸೈಕಲ್ಲಿಗೂ ನಗರದ ಕಾಂಕ್ರೀಟ್ ರಸ್ತೆಯಲ್ಲಿ ಓಡುವ ಸೈಕಲ್ಲಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಎರೆ ಮಣ್ಣು ಮಳೆಯಲ್ಲಿ ಚೈನಿಗೆ ಮೆತ್ತಿಕೊಂಡು ಎಣ್ಣೆಯನ್ನು ಹೀರಿಬಿಡುತ್ತದೆ. ಮಸಾರಿ ನೆಲದ ಮರಳುಮಿಶ್ರಿತ ದೂಳು ಇನ್ನೂ ಕೆಟ್ಟದ್ದು, ಅದು ಉಕ್ಕನ್ನೇ ಅರೆಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿ ಆ ದೂಳನ್ನು ಎಣ್ಣೆ ಸುರಿದ ಚೈನಿನ ಮೇಲೆಯೇ ತಂದು ಕೂರಿಸುತ್ತದೆ. ಗಾಳಿ ಹೆಚ್ಚಿರುವ ತಿಂಗಳುಗಳಲ್ಲಿ ಚೈನಿಗೆ ಎಣ್ಣೆ ಕಡಿಮೆ, ಒರೆಸುವುದು ಹೆಚ್ಚು ಇರಬೇಕು.

ಅಡುಗೆ ಎಣ್ಣೆ ಹಾಕಬೇಡಿ. ಚಳ್ಳಕೆರೆಯ ಗಾಣಗಳ ಸೀಮೆಯಲ್ಲಿ ಕಡಲೆಕಾಯಿ ಎಣ್ಣೆ ಮನೆಮನೆಯಲ್ಲೂ ಕೈಗೆ ಸಿಗುತ್ತದೆ ಎಂಬುದು ನಿಜ. ಆದರೆ ಅದು ಗಾಳಿ ಬಿಸಿಲಿಗೆ ಕ್ರಮೇಣ ಅಂಟಾಗಿ ದೂಳು ಹಿಡಿಯುತ್ತದೆ. ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಎಣ್ಣೆಯಲ್ಲಿ ಲೋಹದ ಪುಡಿಯೂ ಮಸಿಯೂ ಇರುತ್ತವೆ. ಹೊಲಿಗೆ ಯಂತ್ರದ ಎಣ್ಣೆ ತೆಳುವಾದ್ದರಿಂದ ಬೇಗ ಹೋಗುತ್ತದೆ, ಆದರೂ ಇವೆರಡಕ್ಕಿಂತ ಸಾವಿರ ಪಾಲು ಮೇಲು. ಚೈನಿಗೆಂದೇ ಮಾಡಿದ ಎಣ್ಣೆ ಸಿಕ್ಕರೆ ಅದನ್ನೇ ಹಾಕಿ. ಪ್ರತಿ ರೋಲರಿಗೆ ಒಂದು ಹನಿ ಬಿಟ್ಟು, ಪೆಡಲು ತಿರುಗಿಸಿ ಒಳಗಿಳಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿ ತೆಗೆಯಬೇಕು. ಎಣ್ಣೆ ಬೇಕಾಗಿರುವುದು ಕೀಲಿನ ಒಳಗೆ. ಹೊರಗೆ ಹೊಳೆಯುವ ಎಣ್ಣೆ ದೂಳಿಗೆ ಕರೆಯೋಲೆ. ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು. ಪೆಟ್ರೋಲ್ ಬೆಂಕಿಗೆ ಹತ್ತಿರ, ಬೇಡ.

ಹೊಸ ಚೈನು ಕೂರಿಸುವಾಗ

ಗೇರಿಲ್ಲದ ಸೈಕಲ್ಲಿಗೆ ಅರ್ಧ ಅಂಗುಲ ಗುಣಿಸು ಎಂಟನೇ ಒಂದು ಅಂಗುಲ ಅಳತೆಯ ಚೈನು ಬೇಕು. ಗೇರಿನದಕ್ಕೆ ಅಗಲ ಕಡಿಮೆ, ಗೇರುಗಳ ಸಂಖ್ಯೆ ಹೇಳಿಯೇ ಕೊಳ್ಳಬೇಕು. ಹಳೆಯ ಚೈನನ್ನು ಉದ್ದಕ್ಕೆ ಇಟ್ಟು ನೋಡಿ ಹೊಸದನ್ನು ಕತ್ತರಿಸಬೇಡಿ. ಹಳೆಯದು ಉದ್ದವಾಗಿದೆ, ಅದರಲ್ಲಿ ಕೊಂಡಿ ಕಿತ್ತಿರಲೂಬಹುದು. ಕೊಂಡಿಗಳನ್ನು ಎಣಿಸಿ, ಚಕ್ರವನ್ನು ಫ್ರೇಮಿನಲ್ಲಿ ಆಕ್ಸಲ್ ಕೂರುವ ಸೀಳಿನ ಮುಂಭಾಗಕ್ಕೆ ತಂದು ಚೈನನ್ನು ಸುತ್ತಿ ನೋಡಿ ನಿರ್ಧರಿಸಿ.

ಚೈನಿನ ಎರಡು ತುದಿ ಜೋಡಿಸುವ ಲಾಕ್ ಕೊಂಡಿಯ ಕ್ಲಿಪ್ಪು ಹಾಕುವಾಗ ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ಸೀಳಿದ ತುದಿ ಹಿಂದಕ್ಕೆ. ತಿರುಗುಮುರುಗಾದರೆ ಎಲ್ಲಾದರೂ ತಗುಲಿ ಕ್ಲಿಪ್ಪು ಬಿಚ್ಚಿ ಹಾರುತ್ತದೆ. ಕೆಳಗಿನ ಎಳೆಯ ನಡುವೆ ಬೆರಳಿಟ್ಟು ಎತ್ತಿ ಇಳಿಸಿದರೆ ಒಟ್ಟು ಅರ್ಧ ಅಂಗುಲದಷ್ಟು ಆಡಬೇಕು. ಪೆಡಲನ್ನು ಪೂರ್ತಿ ಸುತ್ತಿಸಿ ಎಲ್ಲೂ ಅದಕ್ಕಿಂತ ಬಿಗಿಯಾಗುವುದಿಲ್ಲ ಎಂದು ನೋಡಿಕೊಂಡು ಎರಡೂ ನಟ್ಟುಗಳನ್ನು ಬಿಗಿಯಿರಿ.

ಒಂದೆರಡು ವಾರ ಓಡಿ ಚೈನು ಹೊಂದಿಕೊಂಡ ಮೇಲೆ ಮತ್ತೊಮ್ಮೆ ಬಿಗಿ ಹೊಂದಿಸಿ, ಆಕ್ಸಲ್ ನಿಂತಿರುವ ಜಾಗಕ್ಕೆ ಫ್ರೇಮಿನ ಮೇಲೆ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಚೈನು ಉದ್ದವಾದಷ್ಟರ ಅರ್ಧ ಮಾತ್ರ ಆಕ್ಸಲ್ ಹಿಂದಕ್ಕೆ ಸರಿಯುತ್ತದೆ, ಏಕೆಂದರೆ ಉಳಿದರ್ಧ ಕೆಳಗಿನ ಎಳೆಗೆ ಹೋಗುತ್ತದೆ. ಆದ್ದರಿಂದ ಮುಂದೆ ಚೈನು ಬಿಗಿ ಮಾಡುತ್ತಾ ಹೋದಂತೆ ಆಕ್ಸಲ್ ಆ ಗೆರೆಯಿಂದ 7 ಮಿಲಿಮೀಟರ್ ಹಿಂದಕ್ಕೆ ಬಂದ ದಿನ ಚೈನು ಸುಮಾರು 14 ಮಿಲಿಮೀಟರ್ ಉದ್ದವಾಗಿ ಶೇಕಡಾ 1ರ ಗಡಿಯ ಹತ್ತಿರ ಬಂದಿದೆ ಎಂದು ತಿಳಿಯಬಹುದು. ಹಲ್ಲಿನ ಸವೆತವೂ ಇದರಲ್ಲಿ ಸ್ವಲ್ಪ ಸೇರಿರುವುದರಿಂದ ಆ ದಿನ ಸ್ಕೇಲು ತೆಗೆದು 20 ಕೊಂಡಿ ಅಳೆದು ಖಚಿತಪಡಿಸಿಕೊಳ್ಳಿ. ಸೀಳಿನಲ್ಲಿ ಆಗ ಇನ್ನೂ ಜಾಗ ಉಳಿದಿರುತ್ತದೆ, ಫ್ರೀವೀಲೂ ಉಳಿದಿರುತ್ತದೆ.